ಕಬ್ಬಿಣದ ಡಬ್ಬಕ್ಕೆ ಲೆಕ್ಕದ ಕಾವಲು

ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋಗುವಾಗ, ಅಥವಾ ರೈಲ್ವೆ ಗೇಟಿನ ಬಳಿ ಗೂಡ್ಸ್ ಗಾಡಿ ದಾಟಲೆಂದು ಕಾಯುವಾಗ ನೀವು ಈ ಡಬ್ಬಗಳನ್ನು ನೋಡಿಯೇ ಇರುತ್ತೀರಿ. ಕೆಂಪು, ನೀಲಿ, ಹಸಿರು ಬಣ್ಣದ ದೊಡ್ಡ ಉಕ್ಕಿನ ಡಬ್ಬಗಳು. ಅವುಗಳ ಹೆಸರು ಕಂಟೇನರ್. ಚಿಕ್ಕದು 20 ಅಡಿ ಉದ್ದ, ದೊಡ್ಡದು 40 ಅಡಿ. ಅಗಲ ಎರಡಕ್ಕೂ 8 ಅಡಿ. ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಬೀಜ ಇಂಥ ಡಬ್ಬದೊಳಗೆ ಕುಳಿತು, ಘಟ್ಟ ಇಳಿದು, ಪಣಂಬೂರಿನ ನವಮಂಗಳೂರು ಬಂದರು ಸೇರಿ, ಅಲ್ಲಿಂದ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ.

ಮಕ್ಕಳೇ, ಈಗೊಂದು ಪ್ರಶ್ನೆ. ಕಾಫಿ ತುಂಬಿಸಿದವರು ಇಲ್ಲಿ, ಕೊಂಡವರು ಸಾವಿರಾರು ಮೈಲಿ ದೂರದಲ್ಲಿ. ನಡುವೆ ಲಾರಿ ಚಾಲಕರು, ಬಂದರಿನ ಕೆಲಸಗಾರರು, ಹಡಗಿನವರು, ಆಚೆ ದಡದ ಇನ್ನಷ್ಟು ಜನ. ಇವರಲ್ಲಿ ಬಹುತೇಕರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹಾಗಿದ್ದೂ ಇಲ್ಲಿ ತುಂಬಿದ್ದೇ ಅಲ್ಲಿ ಇಳಿಯುತ್ತದೆ ಎಂದು ನಂಬುವುದು ಹೇಗೆ?

ಬೀಗ ಇದೆಯಲ್ಲ ಎನ್ನಬಹುದು. ಆದರೆ ಬ್ಯಾಂಕಿನಲ್ಲಿ ಬಹುಕಾಲ ಗುಮಾಸ್ತನಾಗಿದ್ದ ನಾನು ಕಲಿತದ್ದು ಬೇರೆ. ಬೀಗ ಕಳ್ಳನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ, ಅಷ್ಟೆ. ಅವನನ್ನು ಹಿಡಿದುಕೊಡುವುದು ಲೆಕ್ಕ. ಇವತ್ತು ಬಂದರುಗಳಲ್ಲಿ ಕಂಪ್ಯೂಟರು, ಉಪಗ್ರಹ, ರೇಡಿಯೋ ಅಲೆ ಎಂದು ಏನೆಲ್ಲ ಬಂದಿದ್ದರೂ, ಅವು ಮಾಡುತ್ತಿರುವುದು ಹಳೆಯ ಲೆಡ್ಜರಿನ ಕೆಲಸವನ್ನೇ: ತಾಳೆ ನೋಡುವುದು. ನಾಲ್ಕು ಪ್ರಶ್ನೆಗಳಿಗೆ ತಾಳೆಯಾದರೆ ಸರಕು ಭದ್ರ. ಯಾವ ಡಬ್ಬ? ಬಾಗಿಲು ಯಾರಾದರೂ ತೆರೆದರೇ? ಒಳಗೆ ಏನಿದೆ? ಯಾರ ಕೈಗೆ ಕೊಡಬೇಕು?

ಡಬ್ಬ ಬರುವ ಮುಂಚೆ

ಅಜ್ಜ-ಅಜ್ಜಿಯರ ಎಳೆಯ ವಯಸ್ಸಿನಲ್ಲಿ ಸರಕು ಹಡಗಿಗೆ ಏರುತ್ತಿದ್ದುದು ಗೋಣಿಚೀಲದಲ್ಲಿ, ಪೀಪಾಯಿಯಲ್ಲಿ, ಮರದ ಪೆಟ್ಟಿಗೆಯಲ್ಲಿ. ಒಂದೊಂದನ್ನೂ ಆಳುಗಳು ಹೊತ್ತು ಏರಿಸಬೇಕು, ಹೊತ್ತು ಇಳಿಸಬೇಕು. ಹಡಗು ಬಂದರಿನಲ್ಲೇ ದಿನಗಟ್ಟಲೆ ನಿಲ್ಲುತ್ತಿತ್ತು. ಅಷ್ಟು ಕೈ ದಾಟುವಾಗ ಒಂದು ಚೀಲ ಹರಿಯುತ್ತಿತ್ತು, ಒಂದು ಪೆಟ್ಟಿಗೆ ಮಾಯವಾಗುತ್ತಿತ್ತು. ಲೋಕದ ಎಲ್ಲ ಬಂದರುಗಳಲ್ಲೂ ಇದೇ ಕತೆ.

ಅಮೆರಿಕದಲ್ಲಿ ಲಾರಿ ವ್ಯಾಪಾರ ನಡೆಸುತ್ತಿದ್ದ ಮಾಲ್ಕಮ್ ಮೆಕ್‌ಲೀನ್ ಎಂಬವರು ಇದಕ್ಕೊಂದು ಉಪಾಯ ಹುಡುಕಿದರು. ಸರಕನ್ನು ಲಾರಿಯಿಂದ ಇಳಿಸಿ ಹಡಗಿಗೆ ತುಂಬುವ ಬದಲು, ಲಾರಿಯ ಮೇಲಿನ ಡಬ್ಬವನ್ನೇ ಎತ್ತಿ ಹಡಗಿನ ಮೇಲಿಟ್ಟರೆ? 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಡಬ್ಬಗಳನ್ನು ಹೊತ್ತು ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್ ಕಡೆಗೆ ಹೊರಟಿತು. ಈಗಿನ ದೊಡ್ಡ ಹಡಗುಗಳು ಒಂದು ಸಲಕ್ಕೆ ಸಾವಿರಗಟ್ಟಲೆ ಡಬ್ಬ ಹೊರುತ್ತವೆ.

ಚಿಲ್ಲರೆ ಕಳ್ಳತನ ಇದರಿಂದ ತಗ್ಗಿತು. ಆದರೆ ಹೊಸ ತೊಂದರೆ ಹುಟ್ಟಿತು. ಗೋಣಿಚೀಲವಾದರೆ ಒಳಗೇನಿದೆ ಎಂದು ಮುಟ್ಟಿ ನೋಡಿ ಹೇಳಬಹುದಿತ್ತು. ಡಬ್ಬದ ಒಳಗಿರುವುದು ಯಾರಿಗೂ ಕಾಣದು. ಮೊದಲು ಕಳ್ಳನಿಗೆ ಸಿಗುತ್ತಿದ್ದುದು ಒಂದು ಚೀಲ, ಈಗ ಸಿಕ್ಕಿದರೆ ಇಡೀ ಡಬ್ಬವೇ. ಹಾಗಾಗಿ ಡಬ್ಬಕ್ಕೆ ಲೆಕ್ಕದ ಕಾವಲು ಬೇಕಾಯಿತು.

ಯಾವ ಡಬ್ಬ?

ಪ್ರತಿ ಕಂಟೇನರಿನ ಮೇಲೂ ಒಂದು ನಂಬರು ಇರುತ್ತದೆ. ಮೊದಲು ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ, ಕೊನೆಗೆ ಪ್ರತ್ಯೇಕವಾಗಿ ಒಂದು ಚಿಕ್ಕ ಚೌಕದಲ್ಲಿ ಬರೆದ ಇನ್ನೊಂದು ಅಂಕಿ. ಒಟ್ಟು 11. ಮೊದಲ ಮೂರು ಅಕ್ಷರ ಡಬ್ಬದ ಮಾಲೀಕರ ಗುರುತು. ಪ್ಯಾರಿಸ್ಸಿನಲ್ಲಿರುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ನೋಂದಾಯಿಸಿಕೊಳ್ಳುತ್ತದೆ, ಒಬ್ಬರ ಗುರುತು ಇನ್ನೊಬ್ಬರಿಗೆ ಇಲ್ಲ. ನಾಲ್ಕನೆಯದು ಸಾಮಾನ್ಯವಾಗಿ ‘ಯು’. ಇದು ಸರಕಿನ ಡಬ್ಬ ಎಂದು ಅದರರ್ಥ. ಆರು ಅಂಕಿ ಡಬ್ಬದ ಕ್ರಮಸಂಖ್ಯೆ. ಹಾಗಾದರೆ ಚೌಕದೊಳಗಿನ ಆ ಒಂಟಿ ಅಂಕಿ ಯಾತಕ್ಕೆ?

ಅದನ್ನು ಹೇಳುವ ಮುಂಚೆ ನಮ್ಮ ಕಾಲದ ಬ್ಯಾಂಕಿನ ಒಂದು ಗುಟ್ಟು ಹೇಳುತ್ತೇನೆ. ಸಂಜೆ ಲೆಕ್ಕ ಕೂಡಿಸಿದಾಗ ಎರಡು ಪುಸ್ತಕಗಳ ಮೊತ್ತ ತಾಳೆಯಾಗದಿದ್ದರೆ, ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ, ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರಬೇಕು ಎಂಬ ಅನುಮಾನ. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 82ರ ಜಾಗದಲ್ಲಿ 28 ಬರೆದರೆ 54. ಅದೂ 9ರಿಂದ ಭಾಗವಾಗುತ್ತದೆ. ಮನೆಯಲ್ಲಿ ಬೇರೆ ಅಂಕಿಗಳನ್ನು ಹಾಕಿ ನೋಡಿ, ಎಂದೂ ತಪ್ಪದು.

ಕಂಟೇನರಿನ ಕೊನೆಯ ಅಂಕಿಯೂ ಇಂಥದ್ದೇ ಒಂದು ತಾಳೆ ಅಂಕಿ. ಮುಂಚಿನ ಹತ್ತನ್ನು ಒಂದು ಕ್ರಮದಲ್ಲಿ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದರೆ ಉಳಿಯುವ ಶೇಷ ಅದು. ಪುಸ್ತಕಗಳಲ್ಲಿ ಉದಾಹರಣೆಗೆ ಕೊಡುವ ಒಂದು ನಂಬರನ್ನೇ ನೋಡೋಣ: ಸಿ, ಎಸ್, ಕ್ಯು, ಯು, 305438, ಕೊನೆಗೆ 3.

ಅಕ್ಷರಗಳಿಗೂ ಬೆಲೆ ಉಂಟು. ಎ ಎಂದರೆ 10, ಬಿ 12, ಸಿ 13, ಹೀಗೆ ಏರುತ್ತ ಹೋಗುತ್ತದೆ. 11, 22, 33 ಈ ಮೂರನ್ನು ಮಾತ್ರ ಬಿಟ್ಟುಬಿಡುತ್ತಾರೆ. ಆ ಪ್ರಕಾರ ಎಸ್ 30, ಕ್ಯು 28, ಯು 32. ಈಗ ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 4ರಿಂದ, ಹೀಗೆ ಪ್ರತಿ ಸಲವೂ ಇಮ್ಮಡಿ ಮಾಡುತ್ತ ಗುಣಿಸಬೇಕು:

ಸಿ: 13 × 1 = 13
ಎಸ್: 30 × 2 = 60
ಕ್ಯು: 28 × 4 = 112
ಯು: 32 × 8 = 256
3 × 16 = 48
0 × 32 = 0
5 × 64 = 320
4 × 128 = 512
3 × 256 = 768
8 × 512 = 4096

ಎಲ್ಲ ಕೂಡಿಸಿದರೆ 6185. ಇದನ್ನು 11ರಿಂದ ಭಾಗಿಸಿದರೆ 562 ಸಲ ಹೋಗಿ 3 ಉಳಿಯುತ್ತದೆ. ಚೌಕದಲ್ಲಿರುವುದೂ 3. ತಾಳೆಯಾಯಿತು! (ಶೇಷ 10 ಬಂದರೆ 0 ಎಂದು ಬರೆಯುತ್ತಾರೆ.)

ಗೇಟಿನಲ್ಲಿ ಕುಳಿತ ಗುಮಾಸ್ತರು ನಿದ್ದೆಗಣ್ಣಿನಲ್ಲಿ 305438 ಎನ್ನುವಲ್ಲಿ 304538 ಎಂದು ಒತ್ತಿದರು ಎನ್ನಿ. ಆಗ ಮೊತ್ತ 6249, ಶೇಷ 1. ಚೌಕದಲ್ಲಿ 3 ಇದೆ. ಕಂಪ್ಯೂಟರು ಅಲ್ಲೇ ‘ನಂಬರು ಸರಿಯಿಲ್ಲ’ ಎನ್ನುತ್ತದೆ. ಒಂದು ಅಂಕಿ ಹೆಚ್ಚು ಬರೆದದ್ದರಿಂದ, ಬೇರೆಯವರ ಡಬ್ಬ ಬೇರೆ ಊರಿಗೆ ಹೋಗುವುದು ತಪ್ಪಿತು.

ಬಾಗಿಲು ಯಾರಾದರೂ ತೆರೆದರೇ?

ಡಬ್ಬ ತುಂಬಿಸಿದ ಮೇಲೆ ಬಾಗಿಲಿಗೆ ಒಂದು ಸೀಲ್ ಹಾಕುತ್ತಾರೆ. ನೋಡಲು ದಪ್ಪ ಮೊಳೆಯಂತಿರುತ್ತದೆ. ಒಮ್ಮೆ ಒತ್ತಿ ಕೂಡಿಸಿದರೆ ಕೈಯಿಂದ ಬಿಚ್ಚಲಾಗದು. ದೊಡ್ಡ ಕತ್ತರಿಯಿಂದ ತುಂಡರಿಸಬೇಕು. ಪ್ರತಿ ಸೀಲಿಗೂ ಬೇರೆ ಬೇರೆ ನಂಬರು. ಕಾಗದದಲ್ಲಿರುವ ನಂಬರೂ ಬಾಗಿಲಿನಲ್ಲಿರುವ ನಂಬರೂ ಒಂದೇ ಆಗಿದ್ದರೆ ಬಾಗಿಲು ತೆರೆದಿಲ್ಲ ಎಂದರ್ಥ.

ಕಳ್ಳಸಾಗಣೆದಾರರು ಇದಕ್ಕೂ ದಾರಿ ಹುಡುಕಿದರು. ಪ್ರಾಮಾಣಿಕ ವ್ಯಾಪಾರಿಯ ಡಬ್ಬದ ಸೀಲ್ ಕತ್ತರಿಸಿ, ಒಳಗೆ ಮಾದಕ ವಸ್ತುವಿನ ಚೀಲ ಎಸೆದು, ಅದೇ ನಂಬರಿನ ನಕಲಿ ಸೀಲ್ ಹಾಕಿಬಿಡುವುದು. ಪಾಪ, ಬಾಳೆಹಣ್ಣು ಕಳಿಸಿದವರಿಗೂ ತರಿಸಿದವರಿಗೂ ತಮ್ಮ ಡಬ್ಬ ಯಾರ ಸರಕನ್ನು ಹೊರುತ್ತಿದೆ ಎಂಬುದೇ ಗೊತ್ತಿರುವುದಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಎಲೆಕ್ಟ್ರಾನಿಕ್ ಸೀಲ್. ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ನೋಡಿದ್ದೀರಲ್ಲ? ಅದರೊಳಗೆ ಬ್ಯಾಟರಿ ಇಲ್ಲ. ಟೋಲ್ ಗೇಟಿನ ಯಂತ್ರದಿಂದ ಬರುವ ರೇಡಿಯೋ ಅಲೆಯೇ ಅದನ್ನು ಎಬ್ಬಿಸುತ್ತದೆ; ಅದು ತನ್ನ ನಂಬರು ಹೇಳಿ ಮತ್ತೆ ಸುಮ್ಮನಾಗುತ್ತದೆ. ಎಲೆಕ್ಟ್ರಾನಿಕ್ ಸೀಲಿನದೂ ಅದೇ ವಿದ್ಯೆ. ಮೊಳೆ ತುಂಡಾದರೆ ಅದರ ಒಳಗಿನ ತಂತು ಕೆಟ್ಟು, ಯಂತ್ರ ಕೇಳಿದಾಗ ಸರಿಯಾದ ಉತ್ತರ ಬರುವುದಿಲ್ಲ.

ನಮ್ಮ ದೇಶದ ಕಸ್ಟಮ್ಸ್ ಇಲಾಖೆ 2017ರಲ್ಲಿ ರಫ್ತಿನ ಡಬ್ಬಗಳಿಗೆ ಇದನ್ನು ಜಾರಿಗೆ ತಂದಿತು. ಅದಕ್ಕೆ ಮುಂಚೆ ಕಾರ್ಖಾನೆಯಲ್ಲೇ ಡಬ್ಬ ತುಂಬಿಸುವಾಗ ಅಧಿಕಾರಿ ಬಂದು ನಿಂತು ಸೀಲ್ ಹಾಕಿಸುವ ಪದ್ಧತಿ ಇತ್ತು. ಈಗ ರಫ್ತುದಾರರೇ ಸೀಲ್ ಹಾಕಿ, ಸೀಲಿನ ನಂಬರು, ಡಬ್ಬದ ನಂಬರು, ಲಾರಿಯ ನಂಬರು, ದಿನ, ಹೊತ್ತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಾರೆ. ಬಂದರಿನಲ್ಲಿ ಅಧಿಕಾರಿ ಕೈಯಲ್ಲಿ ಹಿಡಿಯುವ ಯಂತ್ರದಿಂದ ಓದಿ ತಾಳೆ ನೋಡುತ್ತಾರೆ.

ಡಬ್ಬ ದಾರಿಯಲ್ಲಿ ಎಲ್ಲಿದೆ ಎಂದು ತಿಳಿಯಲು ಇನ್ನೊಂದು ವ್ಯವಸ್ಥೆ 2016ರಲ್ಲಿ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಶುರುವಾಯಿತು. ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಎಂದು ಅದರ ಹೆಸರು. ಹಣದ ಬದಲು ಸುದ್ದಿ ಕೂಡಿಡುವ ಬ್ಯಾಂಕು! ಡಬ್ಬಕ್ಕೊಂದು ಟ್ಯಾಗ್ ಕಟ್ಟುತ್ತಾರೆ. ಬಂದರಿನ ಗೇಟು, ಟೋಲ್ ಗೇಟು, ಒಳನಾಡಿನ ಡಿಪೋಗಳಲ್ಲಿ ಯಂತ್ರಗಳು ಅದನ್ನು ಓದುತ್ತವೆ. ಮುಂದೆ ಇದು ದೇಶದ ಇತರ ಕಂಟೇನರ್ ಬಂದರುಗಳಿಗೂ ಹರಡಿತು.

ನೇಪಾಳಕ್ಕೆ ಸಮುದ್ರವೇ ಇಲ್ಲ. ಅದರ ಸರಕು ಕೋಲ್ಕತ್ತ, ಹಾಲ್ದಿಯಾ, ವಿಶಾಖಪಟ್ಟಣ ಬಂದರುಗಳಲ್ಲಿ ಇಳಿದು ನಮ್ಮ ನೆಲ ದಾಟಿಯೇ ಹೋಗಬೇಕು. ಆ ಡಬ್ಬಗಳಿಗೆ 2019ರಿಂದ ಜಿಪಿಎಸ್ ಇರುವ ಬೀಗ ಹಾಕುವ ಕ್ರಮ ಬಂತು. ದಾರಿಯಲ್ಲಿ ಯಾರಾದರೂ ಬೀಗ ಮುಟ್ಟಿದರೆ ಅದು ಕಚೇರಿಗೆ ತಾನೇ ಸುದ್ದಿ ಕಳಿಸುತ್ತದೆ.

ಒಳಗೆ ಏನಿದೆ?

ನಂಬರು ಸರಿ, ಸೀಲೂ ಸರಿ. ಆದರೆ ಕಾಗದದಲ್ಲಿ ಬರೆದದ್ದೇ ಸುಳ್ಳಾಗಿದ್ದರೆ? 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಎರಡು ಡಬ್ಬಗಳನ್ನು ತೆರೆಸಿದರು. ಇರಾನಿನ ಬಂದರಿನಿಂದ ಬಂದ ಅವುಗಳ ಕಾಗದದಲ್ಲಿ ಇದ್ದದ್ದು ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು, ಅಂದರೆ ಪೌಡರು ಮಾಡುವ ಕಲ್ಲು. ಸಿಕ್ಕಿದ್ದು ಸುಮಾರು 3,000 ಕಿಲೋ ಹೆರಾಯಿನ್.

ಎಲ್ಲ ಡಬ್ಬಗಳನ್ನೂ ತೆರೆದು ನೋಡುತ್ತ ಕೂತರೆ ಬಂದರು ನಡೆಯದು. ಅದಕ್ಕಾಗಿ 2005ರಿಂದ ನಮ್ಮ ಕಸ್ಟಮ್ಸ್‌ನಲ್ಲಿ ಕಂಪ್ಯೂಟರು ಮೊದಲು ಕಾಗದಗಳನ್ನು ಜರಡಿ ಹಿಡಿಯುತ್ತದೆ. ಕಳಿಸಿದವರು ಯಾರು, ಎಲ್ಲಿಂದ ಬಂತು, ಈ ವ್ಯಾಪಾರಿ ಮುಂಚೆ ಇಂಥ ಸರಕು ತರಿಸಿದ್ದುಂಟೇ ಎಂದೆಲ್ಲ ನೋಡಿ, ಅನುಮಾನದ ಡಬ್ಬಗಳನ್ನು ಬೇರೆ ಮಾಡುತ್ತದೆ. ಅಂಥವನ್ನು ಎಕ್ಸ್-ರೇ ಯಂತ್ರದ ಮುಂದೆ ಸಾಗಿಸುತ್ತಾರೆ. ಆಸ್ಪತ್ರೆಯಲ್ಲಿ ಕೈಮೂಳೆಯ ಚಿತ್ರ ತೆಗೆದಂತೆ ಲಾರಿಯ ಮೇಲಿನ ಇಡೀ ಡಬ್ಬದ ಚಿತ್ರ! ಕಲ್ಲಿನ ರಾಶಿಯ ನಡುವೆ ಬೇರೇನೋ ಕಂಡರೆ ಬಾಗಿಲು ತೆರೆಯುವುದು ಆಮೇಲೆ. ಆ ಚಿತ್ರ ನೋಡಿ ‘ಇದು ಸರಿಯಿಲ್ಲ’ ಎನ್ನುವುದಕ್ಕೆ ಮಾತ್ರ ಪಳಗಿದ ಮನುಷ್ಯರ ಕಣ್ಣೇ ಬೇಕು.

ಯಾರ ಕೈಗೆ ಕೊಡಬೇಕು?

ನಾಲ್ಕರಲ್ಲಿ ಕಷ್ಟದ ಪ್ರಶ್ನೆ ಇದೇ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಯುರೋಪಿನ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಅಲ್ಲಿ ಡಬ್ಬ ಬಿಡಿಸಿಕೊಳ್ಳಲು ಲಾರಿಯವರು ಒಂದು ಗುಪ್ತ ಸಂಖ್ಯೆ ಹೇಳಬೇಕಿತ್ತು. ಸಂಖ್ಯೆ ಸರಿಯಿದ್ದರೆ ಡಬ್ಬ ಅವರದು.

2011ರಿಂದ ಅಲ್ಲಿ ಕೆಲವು ಡಬ್ಬಗಳು ಇಡಿಯಾಗಿ ಕಾಣೆಯಾಗತೊಡಗಿದವು. ಬೀಗ ಮುರಿದಿಲ್ಲ, ಗೋಡೆ ಹಾರಿಲ್ಲ. ಆದದ್ದು ಇಷ್ಟು. ದಕ್ಷಿಣ ಅಮೆರಿಕದಿಂದ ಬರುವ ಮರ, ಬಾಳೆಹಣ್ಣಿನ ಡಬ್ಬಗಳಲ್ಲಿ ಒಂದು ತಂಡ ಮಾದಕ ವಸ್ತು ಅಡಗಿಸಿ ಕಳಿಸುತ್ತಿತ್ತು. ಇತ್ತ ಅವರು ಕೂಲಿಗೆ ಹಿಡಿದ ಕಂಪ್ಯೂಟರ್ ಕಳ್ಳರು ಕಚೇರಿಯ ನೌಕರರಿಗೆ ಮೋಸದ ಇ-ಮೇಲ್ ಕಳಿಸಿ ಒಳಹೊಕ್ಕು, ಡಬ್ಬ ಎಲ್ಲಿದೆ, ಅದರ ಗುಪ್ತ ಸಂಖ್ಯೆ ಏನು ಎಂದು ಓದಿಕೊಂಡರು. ನಿಜವಾದ ಮಾಲೀಕರ ಲಾರಿ ಬರುವ ಮುಂಚೆಯೇ ಕಳ್ಳರ ಲಾರಿ ಬಂದು, ಸಂಖ್ಯೆ ಹೇಳಿ, ಡಬ್ಬ ಎತ್ತಿಕೊಂಡು ಹೋಗುತ್ತಿತ್ತು!

ಇ-ಮೇಲ್ ದಾರಿ ಮುಚ್ಚಿದ ಮೇಲೆ ಕಳ್ಳರು ಕಚೇರಿಗಳಿಗೇ ನುಗ್ಗಿ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದ್ದು ಓದುವ ಸಣ್ಣ ಉಪಕರಣಗಳನ್ನು ಅಡಗಿಸಿಟ್ಟರು. ಕೊನೆಗೆ ಸಿಕ್ಕಿಬಿದ್ದರು. 2013ರ ಅಕ್ಟೋಬರಿನಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪಾಲ್ ಈ ಸಂಗತಿಯನ್ನು ಹೊರಗೆ ಹೇಳಿತು. ಗುಟ್ಟು ಬಯಲಾಗಲು ಮೊದಲ ಕಾರಣ ಯಂತ್ರವಲ್ಲ. ‘ಇಲ್ಲಿದ್ದ ಡಬ್ಬ ಎಲ್ಲಿ ಹೋಯಿತು?’ ಎಂದು ಬಂದರಿನ ಕೆಲಸಗಾರರಿಗೆ ಬಂದ ಅನುಮಾನ.

ಇದೇನೂ ಕಂಪ್ಯೂಟರು ತಂದ ಹೊಸ ಪಾಪವಲ್ಲ. ಕಾಗದದ ಕಾಲದ ಒಂದು ಕತೆ ಕೇಳಿ. ಹಡಗಿಗೆ ಸರಕು ಕೊಟ್ಟಾಗ ಹಡಗಿನವರು ಕೊಡುವ ರಸೀದಿಗೆ ಬಿಲ್ ಆಫ್ ಲೇಡಿಂಗ್ ಎನ್ನುತ್ತಾರೆ. ಅದು ಯಾರ ಕೈಯಲ್ಲಿದೆಯೋ ಸರಕು ಅವರದು. ಬ್ಯಾಂಕುಗಳು ಅದನ್ನು ಅಡವಿಟ್ಟುಕೊಂಡು ವ್ಯಾಪಾರಿಗಳಿಗೆ ಸಾಲ ಕೊಡುತ್ತವೆ. ದಾರಿಯಲ್ಲಿ ಕಳೆದುಹೋದೀತು ಎಂದು ಅದರ ಮೂರು ಮೂಲಪ್ರತಿ ಮಾಡುವುದು ಹಳೆಯ ರೂಢಿ. ಜಮೈಕಾದಿಂದ ಲಂಡನ್ನಿಗೆ 20 ದೊಡ್ಡ ಪೀಪಾಯಿ ಸಕ್ಕರೆ ತರಿಸಿದ ಒಬ್ಬ ವ್ಯಾಪಾರಿ ಮೊದಲ ಪ್ರತಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಹಣ ಪಡೆದ. ಆಮೇಲೆ ಎರಡನೆಯ ಪ್ರತಿ ತೋರಿಸಿ ಗೋದಾಮಿನಿಂದ ಸಕ್ಕರೆಯನ್ನೂ ಬಿಡಿಸಿಕೊಂಡ! ಬ್ಯಾಂಕು ಗೋದಾಮಿನವರ ಮೇಲೆ ದಾವೆ ಹೂಡಿತು. ನಂಬಿಕೆಯಿಂದ ಕೊಟ್ಟವರದು ತಪ್ಪಲ್ಲ ಎಂದು 1882ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ಬ್ಯಾಂಕಿಗೆ ಸಕ್ಕರೆಯೂ ಇಲ್ಲ, ಗೋದಾಮಿನಿಂದ ಪರಿಹಾರವೂ ಇಲ್ಲ.

ಲಂಡನ್ನಿನ ಸಕ್ಕರೆಯಲ್ಲೂ ಆಂಟ್‌ವರ್ಪಿನ ಬಾಳೆಹಣ್ಣಿನಲ್ಲೂ ಕೊರತೆ ಒಂದೇ. ಹಕ್ಕು ಒಬ್ಬರದು, ಆದರೆ ಅದರ ಗುರುತು ಇಬ್ಬರ ಕೈಯಲ್ಲಿ. ಈಗ ಬರುತ್ತಿರುವ ಎಲೆಕ್ಟ್ರಾನಿಕ್ ಬಿಲ್ ಆಫ್ ಲೇಡಿಂಗ್ ಈ ಕೊರತೆಯನ್ನೇ ತುಂಬಲು ಹೊರಟಿದೆ. ಅದರ ಹಕ್ಕು ಒಂದು ಸಮಯಕ್ಕೆ ಒಬ್ಬರಲ್ಲಿ ಮಾತ್ರ ಇರುತ್ತದೆ. ನಾನು ನಿಮಗೆ ವರ್ಗಾಯಿಸಿದ ಕ್ಷಣವೇ ನನ್ನ ಹಕ್ಕು ಅಳಿಯುತ್ತದೆ. ಯಾವಾಗ, ಯಾರಿಂದ ಯಾರಿಗೆ ಎಂಬ ದಾಖಲೆ ಉಳಿಯುತ್ತದೆ. ಇಂಥ ದಾಖಲೆಗೂ ಕಾಗದದಷ್ಟೇ ಬೆಲೆ ಕೊಡುವ ಕಾಯಿದೆಯನ್ನು ಬ್ರಿಟನ್ 2023ರಲ್ಲಿ ಮಾಡಿತು. ನಮ್ಮಲ್ಲೂ 1856ರ ಹಳೆಯ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಬಿಲ್ಸ್ ಆಫ್ ಲೇಡಿಂಗ್ ಕಾಯಿದೆ ಬಂದಿದೆ. ಆಂಟ್‌ವರ್ಪಿನವರೂ ಗುಪ್ತ ಸಂಖ್ಯೆ ಬಿಟ್ಟು, ಬಿಡಿಸಿಕೊಳ್ಳುವ ಹಕ್ಕನ್ನು ಕೈಯಿಂದ ಕೈಗೆ ಕಂಪ್ಯೂಟರಿನಲ್ಲೇ ದಾಟಿಸುವ ಪದ್ಧತಿಗೆ ಬಂದಿದ್ದಾರೆ.

ಕರೆಂಟ್ ಹೋಗಿ ಉಳಿದ ಕಂಪನಿ

ಎಲ್ಲ ಲೆಕ್ಕವೂ ಕಂಪ್ಯೂಟರಿನಲ್ಲಿದ್ದರೆ ಕಂಪ್ಯೂಟರನ್ನು ಕಾಯುವವರು ಯಾರು? 2017ರ ಜೂನ್ 27ರಂದು ಡೆನ್ಮಾರ್ಕಿನ ಮಾರ್ಸ್ಕ್ ಎಂಬ ಭಾರಿ ಹಡಗು ಕಂಪನಿಯ ಪರದೆಗಳು ಒಂದೊಂದಾಗಿ ಕಪ್ಪಾದವು. ಉಕ್ರೇನಿನಲ್ಲಿ ತೆರಿಗೆ ಲೆಕ್ಕದ ಒಂದು ತಂತ್ರಾಂಶದ ಮೂಲಕ ಹರಡಿದ ‘ನಾಟ್‌ಪೆಟ್ಯಾ’ ಎಂಬ ಕೇಡಿನ ಪ್ರೋಗ್ರಾಂ ಅಲ್ಲಿಗೂ ತಲುಪಿತ್ತು. ಯಾವ ಡಬ್ಬದಲ್ಲಿ ಏನಿದೆ, ಯಾರಿಗೆ ಸೇರಬೇಕು ಎಂದು ಹೇಳುವವರಿಲ್ಲ. ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದವು. ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಗುಂಪು ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ನಿಂತಿತು.

ಕಂಪನಿಯ ಜಾಲವನ್ನು ಮತ್ತೆ ಕಟ್ಟಲು ಬೇಕಾದ ಮೂಲ ಪಟ್ಟಿಯ ಪ್ರತಿಗಳು ಬೇರೆ ಬೇರೆ ದೇಶಗಳಲ್ಲಿದ್ದವು. ಎಲ್ಲವೂ ಒಟ್ಟಿಗೆ ಅಳಿಸಿಹೋದವು, ಒಂದರ ಹೊರತು. ಆಫ್ರಿಕಾದ ಘಾನಾ ಕಚೇರಿಯಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು! ಯಂತ್ರ ಆರಿದ್ದರಿಂದ ಕೇಡು ಅದಕ್ಕೆ ತಾಗಲಿಲ್ಲ. ಅದನ್ನು ಒಬ್ಬರು ಘಾನಾದಿಂದ ನೈಜೀರಿಯಕ್ಕೆ, ಅಲ್ಲಿಂದ ಇನ್ನೊಬ್ಬರು ಇಂಗ್ಲೆಂಡಿಗೆ ಕೈಯಲ್ಲೇ ಹೊತ್ತು ತಂದರು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹೊಸದಾಗಿ ಸಜ್ಜುಗೊಳಿಸಿದರು.

ಲೆಕ್ಕದ ಒಂದು ಪ್ರತಿ ಸದಾ ಬೇರೆ ಜಾಗದಲ್ಲಿ, ಬೇರೆ ಬೀಗದಲ್ಲಿ ಇರಬೇಕು ಎಂಬುದು ಬ್ಯಾಂಕಿನ ಹಳೆಯ ಪಾಠ. ಅದೃಷ್ಟವನ್ನು ನಂಬಿ ಲೆಕ್ಕ ಇಡಲಾಗದು. ಕರೆಂಟ್ ಪ್ರತಿ ಸಲವೂ ಸರಿಯಾದ ಹೊತ್ತಿಗೇ ಹೋಗುವುದಿಲ್ಲವಲ್ಲ!

ಮನೆಯ ಬಂದರು

ಹಿರಿಯರೇ, ಆಂಟ್‌ವರ್ಪಿನ ಗುಪ್ತ ಸಂಖ್ಯೆಯ ಕತೆ ಓದುವಾಗ ನಿಮಗೆ ನಿಮ್ಮ ಫೋನಿನ ಓಟಿಪಿ ನೆನಪಾಗಿರಬೇಕು. ಎರಡೂ ಒಂದೇ ಜಾತಿಯವು. ಆ ಸಂಖ್ಯೆಯನ್ನು ಯಾರು ಹೇಳಿದರೂ ಯಂತ್ರ ಅವರನ್ನೇ ಮಾಲೀಕರೆಂದು ನಂಬುತ್ತದೆ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ’ ಎಂದು ಫೋನು ಬಂದರೆ ಓಟಿಪಿ ಹೇಳಬೇಡಿ. ಬ್ಯಾಂಕಿನವರು ಅದನ್ನು ಎಂದೂ ಕೇಳುವುದಿಲ್ಲ, ಕೇಳಿದವರು ಬ್ಯಾಂಕಿನವರಲ್ಲ. ಮಕ್ಕಳೇ, ಅಜ್ಜ-ಅಜ್ಜಿಯ ಫೋನಿಗೆ ಅಂಥ ಕರೆ ಬಂದಾಗ ಹತ್ತಿರ ನಿಂತು ಎಚ್ಚರಿಸುವ ಕೆಲಸ ನಿಮ್ಮದು. ಆಂಟ್‌ವರ್ಪಿನಲ್ಲಿ ‘ಡಬ್ಬ ಎಲ್ಲಿ?’ ಎಂದು ಕೇಳಿದವರ ಕೆಲಸವೂ ಅಷ್ಟೇ ಸರಳ, ಅಷ್ಟೇ ದೊಡ್ಡದು.

ಅಜ್ಜ-ಮೊಮ್ಮಕ್ಕಳ ಲೆಕ್ಕ

ಮೇಲಿನ ಉದಾಹರಣೆಯಲ್ಲಿ 305438ರ ಬದಲು ಯಾರೋ 035438 ಎಂದು ಬರೆದರು. ಅಕ್ಷರಗಳು ಅವೇ. ಈಗ ಶೇಷ ಎಷ್ಟು? ತಪ್ಪು ಸಿಕ್ಕಿಬೀಳುತ್ತದೆಯೇ? ಕಾಗದ, ಪೆನ್ಸಿಲ್ ಹಿಡಿದು ಇಬ್ಬರೂ ಬೇರೆ ಬೇರೆ ಮಾಡಿ, ಕೊನೆಗೆ ತಾಳೆ ನೋಡಿ.

(ಉತ್ತರ: ಮೊತ್ತ 6233, ಶೇಷ 7. ಚೌಕದಲ್ಲಿರುವುದು 3. ಆದ್ದರಿಂದ ತಪ್ಪು ಸಿಕ್ಕಿಬೀಳುತ್ತದೆ.)